ನಮ್ಮ ರಕ್ತ ನಮ್ಮಲ್ಲೇ

೯ ಜನವರಿ

ಅಣ್ಣನ ಮಗಳಿಗೆ,

ಆಶೀರ್ವಾದಗಳು. ನಾವೆಲ್ಲರೂ ಕ್ಷೇಮ. ನೀನೂ ಕ್ಷೇಮವಾಗಿದ್ದೀಯೆ ಎಂದು ನಂಬಿದ್ದೇನೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಪರಿಚಯದವರ ಕೈಲಿ ಹೇಳಿ ಕಳಿಸಿದ್ದಕ್ಕೆ, "ಏನಿದ್ದರೂ ಬರೆದು ಕಳಿಸಲಿ, ಬಾಯಲ್ಲಿ ಆಡಿದ್ದನ್ನು ಆಮೇಲೆ ಆಡೇ ಇಲ್ಲ ಅಂತಾರೆ" ಎಂದೆಯಂತೆ. ಇಷ್ಟು ವರ್ಷ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವಳು ನಾನು. ಬರೆಯಲು ಹೆದರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಗುಬ್ಬಿಗೆ ಗಂಡು ನಿಶ್ಚಯವಾಗಿದೆ. ನನ್ನ ಮಗಳು ಎಂದು ಹೇಳುತ್ತಿಲ್ಲ, ಅವಳ ಗುಣಕ್ಕೆ ತಕ್ಕ ಮನೆ. ಹುಡುಗ ಎಂಜಿನಿಯರ್, ಸೇತುವೆ ಕಟ್ಟುವ ಕಂಪನಿಯಲ್ಲಿದ್ದಾನೆ. ಮದುವೆ ಜೂನ್ ತಿಂಗಳಲ್ಲಿ. ಹುಡುಗನ ತಾಯಿಯ ತಂಗಿ ಇರುವುದು ನಿನ್ನ ಊರಿನಲ್ಲೇ, ನಿನ್ನ ಡ್ರೈವಿಂಗ್ ಸ್ಕೂಲಿನ ಹಿಂದಿನ ಬೀದಿಯಲ್ಲಿ. ಅವರು ನಿನ್ನನ್ನು ವಿಚಾರಿಸಬಹುದು. ನನ್ನ ಮಗನ ಜೊತೆ ನಿನ್ನ ಸಂಬಂಧ ಏಕೆ ಮುರಿಯಿತು ಎಂದರೆ, "ಹೊಂದಾಣಿಕೆ ಆಗಲಿಲ್ಲ" ಎಂದಷ್ಟೇ ಹೇಳು. ಆ ಇನ್ನೊಂದು ವಿಷಯ ನಿನ್ನ ಬಾಯಿಂದ ಬರುವುದು ಬೇಡ. ಅದು ನಿನ್ನ ತಾಯಿಯ ಕಡೆಯಿಂದ ಬಂದದ್ದು ಎಂದು ಎಲ್ಲರಿಗೂ ಗೊತ್ತು. ಆದರೂ ನೀನು ನನ್ನ ಅಣ್ಣನ ಮಗಳೂ ಹೌದಲ್ಲ, ಜನ ಇಲ್ಲದ ನಂಟು ಹೆಣೆಯುತ್ತಾರೆ.

ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ತೀರಿಹೋದ ನನ್ನ ಅಣ್ಣನ ಮುಖ ನೋಡಿಯಾದರೂ ಇದೊಂದು ನಡೆಸಿಕೊಡು.

ಇಂತಿ,
ನಿನ್ನ ಅತ್ತೆ


೧೭ ಜನವರಿ

ಅತ್ತೆಯವರಿಗೆ,

ಪತ್ರ ಸಿಕ್ತು. ಓದಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ನಾಲ್ಕು ವರ್ಷ ನಾನು ಬದುಕಿದ್ದೀನೋ ಸತ್ತಿದ್ದೀನೋ ಅಂತ ಕೇಳದವರಿಗೆ ಈಗ ನನ್ನ ಕ್ಷೇಮದ ಮೇಲೆ ಎಷ್ಟೊಂದು ನಂಬಿಕೆ!

ಮೊದಲು ಒಂದು ವಿಷಯ ಸರಿ ಮಾಡ್ಕೊಳ್ಳೋಣ. ನೀವು ನನಗೆ ಎರಡು ಥರದಲ್ಲಿ ಅತ್ತೆ. ಅಪ್ಪನ ತಂಗಿ ಅಂತ ಹುಟ್ಟಿದಾಗಿನಿಂದ, ಗಂಡನ ತಾಯಿ ಅಂತ ಮದುವೆ ಆದಮೇಲೆ. ಎರಡನೇದನ್ನು ಕೋರ್ಟು ಬಿಡಿಸ್ತು. ಮೊದಲನೇದನ್ನು ಬಿಡಿಸೋ ಕೋರ್ಟು ಎಲ್ಲೂ ಇಲ್ವಲ್ಲ, ಅದಕ್ಕೇ ಈಗಲೂ ಅತ್ತೆ ಅಂತ ಬರೀತಿದ್ದೀನಿ. ಪ್ರೀತಿ ಉಕ್ಕಿ ಬಂದು ಅಲ್ಲ.

ನಮ್ಮಿಬ್ಬರ ಮದುವೆ ಮಾಡಿಸಿದ್ದು ನೀವು. "ಗೊತ್ತಿಲ್ಲದ ಮನೆ ಯಾಕೆ, ನಮ್ಮ ರಕ್ತ ನಮ್ಮಲ್ಲೇ ಇರಲಿ" ಅಂದಿರಿ. ಆಮೇಲೆ ಇಪ್ಪತ್ತಾರಕ್ಕೆ ನನ್ನ ಮುಟ್ಟು ತಪ್ಪೋಕೆ ಶುರುವಾಯ್ತು. ಮೊದಲ ತಿಂಗಳು ಸ್ಟಾಫ್ ರೂಮಿಗೆಲ್ಲ ಸಿಹಿ ಹಂಚಿ, ಅಜ್ಜಿ ಆಗ್ತೀನಿ ಅಂತ ಸಾರಿ ಬಂದಿರಿ. ಆರು ತಿಂಗಳಾದ್ರೂ ಹೊಟ್ಟೆ ಬರಲಿಲ್ಲ, ಮುಟ್ಟೂ ಬರಲಿಲ್ಲ. ಊಟಕ್ಕೆ ಕೂತಲ್ಲೇ ಮೈ ಬೆಂಕಿ ಆಗಿ ಬೆವರು ಕಿತ್ಕೊಂಡು ಬರ್ತಿತ್ತು. ಹಾಸ್ಪತ್ರೆಗೆ ಹೋಗ್ತೀನಿ ಅಂದೆ. "ಹೆಂಗಸರ ವಿಷಯ ಬೀದಿಗೆ ಹಾಕಬೇಡ, ತಾನಾಗೇ ಸರಿಹೋಗುತ್ತೆ" ಅಂದಿರಿ. ಹಾಗೆ ಎರಡು ವರ್ಷ ತಳ್ಳಿದಿರಿ. ಕೊನೆಗೆ ನಾನೇ ಕದ್ದು ಹೋದಾಗ, ಅಂಡಾಶಯದ ಕೆಲಸ ಪೂರ್ತಿ ನಿಂತುಹೋಗಿದೆ, ಒಂದು ವರ್ಷ ಮುಂಚೆ ಬಂದಿದ್ರೆ ಒಂದಷ್ಟು ಮೊಟ್ಟೆ ತೆಗೆದಿಡಬಹುದಿತ್ತು ಅಂದ್ರು ಡಾಕ್ಟರು. ನಾನು ಅದನ್ನ ಮನೆಗೆ ಬಂದು ಹೇಳಿದ್ದೇ ತಪ್ಪಾಯ್ತು. ಅವತ್ತಿಂದ ನಾನು "ಮುದುಕಿ ಸೊಸೆ". ಪಕ್ಕದ ಮನೆ ಮಗು ನನ್ನ ಮಡಿಲಲ್ಲಿ ಕೂತಿದ್ರೆ, "ಬಾ ಕಂದ, ಅಲ್ಲಿ ಬೇಡ" ಅಂತ ಎತ್ಕೊಂಡು ಹೋದಿರಿ. ಮರೆತಿದ್ದೀರಾ? ನಾನು ಮರೆತಿಲ್ಲ.

ಅದೂ ಸಾಲದು ಅಂತ ಊರಿಗೆಲ್ಲ ಡಂಗುರ ಹೊಡೆದಿರಿ, ದೋಷ ಅಮ್ಮನ ಕಡೇದು, ಹೊರಗಿನಿಂದ ಬಂದವಳ ರಕ್ತ ಅಂತ. ಅಮ್ಮನ ಹೊಲಿಗೆ ಅಂಗಡಿಗೆ ಮದುವೆ ಬಟ್ಟೆ ಕೊಟ್ಟಿದ್ದವರು ಅರ್ಧ ಹೊಲಿದದ್ದನ್ನೇ ವಾಪಸ್ ತಗೊಂಡು ಹೋದ್ರು. ಮದುಮಗಳ ಬಟ್ಟೆಗೆ ಅವಳ ಕೈ ತಾಗೋದು ಬೇಡ ಅಂದ್ರಂತೆ. ಅವತ್ತಿಂದ ಅಮ್ಮ ಮದುವೆ ಬಟ್ಟೆ ಮುಟ್ಟಿಲ್ಲ. ಪ್ಯಾಂಟಿನ ಜಿಪ್ಪು, ಸ್ಕೂಲ್ ಯೂನಿಫಾರ್ಮಿನ ಗುಂಡಿ, ಇಷ್ಟೇ.

ಈಗ ಕೇಳಿ. ಹೋದ ವರ್ಷ ದೊಡ್ಡ ಹಾಸ್ಪತ್ರೆಯಲ್ಲಿ ನನ್ನ ರಕ್ತ, ಅಮ್ಮನ ರಕ್ತ ಎರಡೂ ಪರೀಕ್ಷೆ ಮಾಡಿದ್ರು. ಎಕ್ಸ್ ಅನ್ನೋ ಕ್ರೋಮೋಸೋಮಿನಲ್ಲಿ ಒಂದು ಊನ. ನನ್ನಲ್ಲಿದೆ, ಅಮ್ಮನಲ್ಲಿ ಇಲ್ಲ. ಅಂದ್ರೆ ಅಪ್ಪನಿಂದ ಬಂದದ್ದು. ಗಂಡಸರಿಗೆ ಮುಟ್ಟು ನಿಲ್ಲೋ ಪ್ರಶ್ನೆ ಇಲ್ವಲ್ಲ, ಅಪ್ಪನಿಗೆ ಗೊತ್ತಾಗಲೇ ಇಲ್ಲ. ಅಪ್ಪನಿಗೆ ಅವನ ತಾಯಿಯಿಂದ ಬಂದಿರಬೇಕು. ಅವನ ತಾಯಿ ಯಾರು ಅತ್ತೆ? ನಿಮ್ಮ ತಾಯಿ!

ಅಮ್ಮನ ಕಡೇದು ಅಂತ ಅಷ್ಟು ಗಟ್ಟಿಯಾಗಿ ಗೊತ್ತಿದ್ರೆ ಗುಬ್ಬಿ ಮದುವೆಗೆ ನಿಮಗ್ಯಾಕೆ ನಡುಕ? ಅದಕ್ಕೇ ಒಂದೇ ಪ್ರಶ್ನೆ. ನಿಮ್ಮದು ಯಾವಾಗ ನಿಂತಿತು?

ಉತ್ತರ ಬರೀರಿ. ಆಮೇಲೆ ಅಮ್ಮನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೆ, ದೋಷ ನಮ್ಮ ಮನೇದು ಅಂತ ನಿಮ್ಮ ಬಾಯಾರೆ ಹೇಳಿ. ಹುಡುಗನ ಚಿಕ್ಕಮ್ಮ ಬಂದ್ರೆ ಏನು ಹೇಳಬೇಕು ಅಂತ ನಾನು ಆಮೇಲೆ ಯೋಚನೆ ಮಾಡ್ತೀನಿ.

ನಿಮ್ಮ ಅಣ್ಣನ ಮಗಳು


೨ ಫೆಬ್ರವರಿ

ಅಣ್ಣನ ಮಗಳಿಗೆ,

ನಿನ್ನ ಪತ್ರ ಓದಿದೆ. "ಹಾಸ್ಪತ್ರೆ" ಅಲ್ಲ, "ಆಸ್ಪತ್ರೆ". ಎರಡು ಕಡೆಯೂ ತಪ್ಪಾಗಿ ಬರೆದಿದ್ದೀಯ. ನನ್ನ ಅಣ್ಣ ನಿನ್ನನ್ನು ಓದಿಸಿದ್ದು ಇದಕ್ಕೇ ಏನು?

ಹಿರಿಯರನ್ನು ಕೇಳುವ ಪ್ರಶ್ನೆಯೇ ಅದು? ಒಂದು ಹೆಣ್ಣು ಇನ್ನೊಂದು ಹೆಣ್ಣಿನ ಹತ್ತಿರವೂ ಆಡಬಾರದ ಮಾತುಗಳಿವೆ. ಡಾಕ್ಟರುಗಳು ಇವತ್ತೊಂದು ಹೇಳುತ್ತಾರೆ, ನಾಳೆ ಇನ್ನೊಂದು. ನಮ್ಮ ಮನೆಯಲ್ಲಿ ಅಂಥದ್ದು ಯಾವತ್ತೂ ಇರಲಿಲ್ಲ. ನನಗೆ ಎರಡು ಮಕ್ಕಳಾದವು, ಸಾಕು ಎಂದುಕೊಂಡೆವು, ಅಷ್ಟೇ.

ಅಂಗಡಿಯಲ್ಲಿ ನಿಂತು ಹೇಳು ಎನ್ನುತ್ತೀಯ. ನಾನು ಪಾಠ ಹೇಳಿಕೊಟ್ಟ ಮಕ್ಕಳ ತಾಯಂದಿರೇ ಅಲ್ಲಿಗೆ ಬರುವವರು. ಆಗದು. ಬೇಕಾದರೆ ಮದುವೆಗೆ ನಿನ್ನ ತಾಯಿಯನ್ನು ಕರೆದು ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ಅದಕ್ಕಿಂತ ದೊಡ್ಡ ಗೌರವ ನನ್ನಿಂದಾಗದು.

ಗುಬ್ಬಿ ಸ್ವಲ್ಪ ಸೊರಗಿದ್ದಾಳೆ. ಮದುವೆಯ ಯೋಚನೆ ಇರಬೇಕು. ಅವಳಿಗೆ ನಿನ್ನ ಮೇಲೆ ಮೊದಲಿನಿಂದ ಪ್ರೀತಿ. ಅವಳಿಗಾಗಿಯಾದರೂ ನಾಲಗೆ ಬಿಗಿಹಿಡಿ.

ಇಂತಿ,
ನಿನ್ನ ಅತ್ತೆ


೮ ಫೆಬ್ರವರಿ

ಅತ್ತೆಯವರಿಗೆ,

ಹಾಸ್ಪತ್ರೆ ಅಂತ ಬರೆದದ್ದು ತಪ್ಪು, ಒಪ್ಪಿದೆ. ಅಲ್ಲಿಗೆ ಕರ್ಕೊಂಡು ಹೋಗದೆ ಎರಡು ವರ್ಷ ಮನೇಲಿ ಕೂರಿಸಿದ್ದು ಯಾವ ತಪ್ಪು? ಅದಕ್ಕೂ ಕೆಂಪು ಇಂಕಿನಲ್ಲಿ ಗೀಟು ಎಳೀರಿ.

ಮುಂದಿನ ಸಾಲಿನ ಕುರ್ಚಿ ನೀವೇ ಇಟ್ಕೊಳ್ಳಿ. ಅಮ್ಮನಿಗೆ ಅಂಗಡೀಲಿ ಸ್ಟೂಲ್ ಇದೆ. "ನಿನ್ನ ತಾಯಿ, ನಿನ್ನ ತಾಯಿ" ಅಂತ ಬರೀತೀರಲ್ಲ, ಅಣ್ಣನ ಹೆಂಡತಿಗೆ ಅತ್ತಿಗೆ ಅನ್ನೋಕೂ ನಾಲಗೆ ಹೊರಳಲ್ವಾ?

ಗುಬ್ಬಿ ಸೊರಗಿದ್ದಾಳೆ ಅಂದ್ರೆ ಏನರ್ಥ? ನಿದ್ದೆ ಬರ್ತಿಲ್ವಾ? ಸುಮ್ಮಸುಮ್ಮನೆ ಬೆವರ್ತಾಳಾ? ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ? ನಿಮ್ಮಲ್ಲಿದ್ರೆ ಅವಳಿಗೂ ಬಂದಿರಬಹುದು, ಬರದೆಯೂ ಇರಬಹುದು. ಒಂದು ಚೂರು ರಕ್ತ ಕೊಟ್ರೆ ಗೊತ್ತಾಗುತ್ತೆ. ಈಗ ಗೊತ್ತಾದ್ರೆ ಅವಳಿಗೆ ದಾರಿ ಇದೆ. ತಡ ಆದ್ರೆ ನನ್ನ ಹಾಗೆ.

ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂತ ಬರೆದು ಮುಗಿಸೋಕಾಗಲ್ಲ. ಆದ್ರೂ ಇದೊಂದನ್ನ ನೆಟ್ಟಗೆ ಕೇಳ್ತಿದ್ದೀನಿ. ಅವಳನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀರಾ, ಇಲ್ವಾ?

ಅಣ್ಣನ ಮಗಳು


೧೧ ಮಾರ್ಚ್

ಅಣ್ಣನ ಮಗಳಿಗೆ,

ತಿಂಗಳು ಕಳೆಯಿತು. ಬರೆದು ಹರಿದೆ, ಬರೆದು ಹರಿದೆ. ಇದನ್ನು ಓದಿದ ತಕ್ಷಣ ಸುಟ್ಟುಬಿಡು.

ನನ್ನದು ಮೂವತ್ತೈದಕ್ಕೆ ನಿಂತಿತು. ಗುಬ್ಬಿ ಆಗಿನ್ನೂ ನಡೆಯಲು ಕಲಿಯುತ್ತಿದ್ದಳು. ನನ್ನ ತಾಯಿಗೂ ಹಾಗೇ ಆಗಿತ್ತು. ಅವಳು ಬಾಯಿಬಿಟ್ಟು ಹೇಳಿಕೊಂಡಳು, ಅಪ್ಪ ಆಮೇಲೆ ಅವಳ ಕೋಣೆಗೇ ಹೋಗಲಿಲ್ಲ. ಊಟದ ತಟ್ಟೆ ನಾನೇ ತೆಗೆದುಕೊಂಡು ಹೋಗಿ ಕೊಡುತ್ತಿದ್ದೆ. ಅದನ್ನು ನೋಡಿ ಬೆಳೆದವಳು ನಾನು. ನಾನು ಯಾರಿಗೂ ಹೇಳಲಿಲ್ಲ. ನಿನ್ನ ಮಾವನಿಗೂ ಹೇಳಲಿಲ್ಲ. ಪ್ರತಿ ತಿಂಗಳು ಪ್ಯಾಡಿನ ಪ್ಯಾಕೆಟ್ ತಂದು ಬಚ್ಚಲುಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಡುತ್ತಿದ್ದೆ. ಒಂದೊಂದೇ ಬಿಚ್ಚಿ, ಕಾಗದದಲ್ಲಿ ಸುತ್ತಿ, ಕಸಕ್ಕೆ ಹಾಕುತ್ತಿದ್ದೆ. ಹೊಟ್ಟೆನೋವು ಅಂತ ಶಾಲೆಗೆ ರಜೆಯನ್ನೂ ಹಾಕಿದ್ದುಂಟು. ವಯಸ್ಸು ಐವತ್ತು ದಾಟುವವರೆಗೂ ನಡೆಸಿದೆ. ಯಾರಿಗೂ ಗೊತ್ತಾಗಲಿಲ್ಲ. ಸಂಸಾರ ಉಳಿಯಿತು.

ನಿನಗೂ ಹಾಗೇ ಮಾಡು ಅಂತ ಹೇಳಿಕೊಡಬೇಕೆಂದಿದ್ದೆ. ನೀನು ಗಂಡನ ಎದುರಿಗೇ ಎಲ್ಲ ಒದರಿಬಿಟ್ಟೆ. ಆಗ ನನಗೆ ಏನು ತೋಚುತ್ತದೆ? ನಮ್ಮ ಮನೆಯದು ಅಂದರೆ ಗುಬ್ಬಿಯ ಗತಿ? ನಿನ್ನ ತಾಯಿ ಹೊರಗಿನಿಂದ ಬಂದವಳು. ಅವಳ ಮೇಲೆ ಹಾಕಿದೆ. ಹೊರಲಿ, ಅವಳಿಗೆ ಇನ್ನು ಮದುವೆ ಮಾಡಬೇಕಾದ ಮಕ್ಕಳಿಲ್ಲವಲ್ಲ ಅಂತ.

ಗುಬ್ಬಿಗೂ ನಾಲ್ಕು ತಿಂಗಳಿಂದ ಸರಿಯಾಗಿ ಆಗುತ್ತಿಲ್ಲ. ಅವಳ ಬಚ್ಚಲಿಗೂ ಪ್ಯಾಕೆಟ್ ತಂದಿಟ್ಟಿದ್ದೇನೆ, ಹುಡುಗನ ಮನೆಯವರು ಬಂದುಹೋಗಿ ಮಾಡುತ್ತಾರಲ್ಲ. ಅವಳಿಗೆ ಏನೂ ಹೇಳಿಲ್ಲ. ಮದುವೆ ಒಂದು ಆಗಿಬಿಡಲಿ. ಮಾರನೇ ದಿನವೇ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ನೀನು ಅವಳಿಗೆ ಹೇಳಬೇಡ. ಇನ್ನು ಮೂರು ತಿಂಗಳು ತಾನೇ. ನಿನ್ನ ಕಾಲು ಹಿಡಿಯುತ್ತೇನೆ ಅಂತ ತಿಳಿದುಕೋ.

ನಿನ್ನ ಅತ್ತೆ


೧೮ ಮಾರ್ಚ್

ಅತ್ತೆಯವರಿಗೆ,

ಸುಡಲಿಲ್ಲ. ಗುಬ್ಬಿ ಕೈಗೆ ಕೊಟ್ಟೆ. ನನ್ನ ಎದುರಿಗೇ ಕೂತು ಓದಿದಳು.

ಗಾಬರಿ ಆಗಬೇಡಿ, ಅಥವಾ ಆಗಿ, ನನಗೇನು! ನಿಮ್ಮ ಮೊದಲ ಪತ್ರ ಬಂದ ವಾರವೇ ನಾನು ಅವಳನ್ನ ಕರೆಸಿದೆ. ಗೆಳತಿ ಮನೆಗೆ ಅಂತ ಭಾನುವಾರ ರೈಲು ಹತ್ತಿ ಬರ್ತಿದ್ದಳಲ್ಲ, ನನ್ನ ಹತ್ತಿರ ಕಾರು ಕಲಿಯೋಕೆ. ಮೊದಲನೇ ದಿನವೇ, ಗೇರು ಹಾಕೋದು ಕಲಿಸೋ ಮೊದಲು, ಎಲ್ಲ ಹೇಳಿದೆ. ಸ್ಟೀರಿಂಗ್ ಹಿಡ್ಕೊಂಡು ಅತ್ತಳು. ಅತ್ತು ಮುಗಿಸಿ, ರಕ್ತ ಎಲ್ಲಿ ಕೊಡಬೇಕು ಅಂತ ಕೇಳಿದಳು. ಫೆಬ್ರವರಿ ಕೊನೇಲಿ ರಿಸಲ್ಟ್ ಬಂತು. ಅವಳಲ್ಲೂ ಇದೆ. ಮೊಟ್ಟೆ ಕಡಿಮೆ ಆಗ್ತಾ ಇದೆ, ಇನ್ನೂ ಮುಗಿದಿಲ್ಲ. ಕಾಯೋ ಹಾಗಿಲ್ಲ ಅಂದ್ರು ಡಾಕ್ಟರು. ನೀವು ಮೂರು ತಿಂಗಳು ತಾನೇ ಅಂತೀರಿ.

ಗೊತ್ತಿದ್ದೂ ಯಾಕೆ ಪತ್ರದಲ್ಲಿ ಕೇಳಿದೆ ಅಂತೀರಾ? ನಿಮ್ಮನ್ನ ನೋಡೋಕೆ. ನನ್ನ ವಿಷಯ ಬಿಡಿ, ನಾನು ಅಣ್ಣನ ಮಗಳು, ಹೊರಗಿನವಳ ಹೊಟ್ಟೇಲಿ ಹುಟ್ಟಿದವಳು. ಹೆತ್ತ ಮಗಳಿಗಾದ್ರೂ ಈ ಹೆಂಗಸು ಮಾನ ಮರ್ಯಾದೆ ಬದಿಗಿಟ್ಟು ಹಾಸ್ಪತ್ರೆ ಬಾಗಿಲು ತಟ್ತಾಳಾ ಅಂತ. ನೀವು ತಂದಿಟ್ಟದ್ದು ಪ್ಯಾಡಿನ ಪ್ಯಾಕೆಟ್ಟು! ಆ ಸಾಲು ಓದಿ ಗುಬ್ಬಿ ಅಳಲಿಲ್ಲ. "ನಾನು ಆ ಮನೆಗೆ ವಾಪಸ್ ಹೋಗಲ್ಲ ಅಕ್ಕ" ಅಂದಳು, ಅಷ್ಟೇ.

ಆಫೀಸಿನ ಟ್ರೈನಿಂಗಿಗೆ ಹೋಗಿದ್ದಾಳೆ ಅಂದ್ಕೊಂಡಿದ್ದೀರಲ್ಲ, ಅವಳು ಇರೋದು ನನ್ನ ರೂಮಿನಲ್ಲಿ. ಮೊಟ್ಟೆ ತೆಗೆದಿಡೋಕೆ ಅಂತ ದಿನಾ ಹೊಟ್ಟೆಗೆ ಇಂಜೆಕ್ಷನ್ನು, ಅಂಗಡಿ ಮುಚ್ಚಿ ಸಂಜೆ ರೈಲಿಗೆ ಅಮ್ಮನೇ ಬಂದು ಹಾಕ್ತಾಳೆ, ಸೂಜಿ ಹಿಡಿದ ಕೈ ಅಲ್ವಾ.

ನಿಮ್ಮ ಸೇತುವೆ ಎಂಜಿನಿಯರ್‌ಗೂ ಅವಳೇ ಹೇಳಿದಳು. ಮೊನ್ನೆ ಅವನು ಬಂದಿದ್ದ. ಅವಳು ಕಾರು ಓಡಿಸ್ತಿದ್ದಳು, ನಾನು ಪಕ್ಕದಲ್ಲಿ, ಅವನು ಹಿಂದೆ. ಎಲ್ಲ ಕೇಳಿಸ್ಕೊಂಡು ಅವನ ಬಾಯಿಂದ ಬಂದ ಮೊದಲ ಮಾತು, "ಇದು ಇನ್ನೂ ಯಾರ‍್ಯಾರಿಗೆ ಗೊತ್ತು?" ಥೇಟ್ ನಿಮ್ಮ ಅಳಿಯ ಆಗಬೇಕಿತ್ತು ನೋಡಿ! ಕಲಿಸೋ ಕಾರಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ನಾನು ಒತ್ತಲಿಲ್ಲ. ಅವಳೇ ಒತ್ತಿದಳು, ಇಂಡಿಕೇಟರ್ ಹಾಕಿ, ಕಾರು ಪಕ್ಕಕ್ಕೆ ತಗೊಂಡು, ಅವನನ್ನ ಬಸ್‌ಸ್ಟಾಪಿನಲ್ಲಿ ಇಳಿಸಿದಳು. ಮದುವೆ ಇಲ್ಲ. ನೀವು ಎಲ್ಲರಿಗೂ "ಹೊಂದಾಣಿಕೆ ಆಗಲಿಲ್ಲ" ಅಂತ ಹೇಳಬಹುದು.

ಇನ್ನು ನಿಮ್ಮ ಹತ್ತಿರ ಮುಚ್ಚಿಡೋಕೆ ಏನೂ ಉಳಿದಿಲ್ಲ. ಅಮ್ಮನ ಅಂಗಡಿ ಬೆಳಗ್ಗೆ ಹತ್ತಕ್ಕೆ ತೆಗೆಯುತ್ತೆ. ನೀವು ಹೋಗಿ ಬರೋವರೆಗೂ ಗುಬ್ಬಿ ವಿಷಯ ನನ್ನಿಂದ ನಿಮಗೆ ಒಂದಕ್ಷರ ಗೊತ್ತಾಗಲ್ಲ. ಅವಳಿಗೆ ಯಾವತ್ತು ಮೊಟ್ಟೆ ತೆಗೀತಾರೆ, ಯಾವ ಹಾಸ್ಪತ್ರೆ, ಏನೂ ಹೇಳಲ್ಲ. ನನ್ನಮ್ಮ ನಾಲ್ಕು ವರ್ಷ ಬಾಯಿ ಮುಚ್ಕೊಂಡು ಸಹಿಸಿದಳು. ನೀವು ನಾಲ್ಕು ದಿನ ಒದ್ದಾಡಿ.

ಅಣ್ಣನ ಮಗಳು


೨೯ ಮಾರ್ಚ್

ಹೋಗಿದ್ದೆ. ಬರೆಯುತ್ತೇನೆ, ನೀನು ನಂಬಬೇಕಲ್ಲ.

ಮೊದಲು ಎರಡು ಸಲ ಆ ಬೀದಿಯ ತುದಿಯವರೆಗೆ ಹೋಗಿ ವಾಪಸ್ ಬಂದೆ. ಇವತ್ತು ಒಳಗೆ ಹೋದೆ. ಅಂಗಡಿ ತುಂಬ ಜನ. ಮುಂದಿನ ವರ್ಷದ ಶಾಲೆಗೆ ಈಗಲೇ ತಯಾರಿ, ಎಲ್ಲರ ಕೈಯಲ್ಲೂ ಯೂನಿಫಾರ್ಮು. ಅರ್ಧ ಜನಕ್ಕೆ ನನ್ನ ಪರಿಚಯ. "ಬನ್ನಿ ಮೇಡಂ, ಮುಂದೆ ಬನ್ನಿ" ಅಂತ ಜಾಗ ಬಿಟ್ಟರು. ನಿನ್ನ ಅಮ್ಮ ತಲೆ ಎತ್ತಿ ನೋಡಿದಳು. "ಸಾಲಿದೆ" ಅಂದಳು. ನಾನು ಹೋಗಿ ಹಿಂದೆ ನಿಂತೆ. ಕೈಯಲ್ಲಿ ಬಟ್ಟೆ ಇಲ್ಲದೆ ನಿಂತವಳು ನಾನೊಬ್ಬಳೇ. ಎಲ್ಲರೂ ನನ್ನ ಬರಿಗೈ ನೋಡುತ್ತಿದ್ದರು.

ನನ್ನ ಸರದಿ ಬಂತು. "ಅತ್ತಿಗೆ" ಅಂದೆ. ಅವಳು ಹೊಲಿಯುತ್ತಲೇ ಇದ್ದಳು. ನಾನು ಮೆಲ್ಲಗೆ ಹೇಳಿದೆ. "ಏನು? ಮಷಿನ್ ಸದ್ದಿಗೆ ಕೇಳ್ತಿಲ್ಲ, ಜೋರಾಗಿ ಹೇಳಿ" ಅಂದಳು. ಮಷಿನ್ ನಿಲ್ಲಿಸಲಿಲ್ಲ. ನಾನು ಇನ್ನೊಂದು ಸಲ ಹೇಳಿದೆ. "ಕೇಳ್ತಿಲ್ಲ" ಅಂದಳು. ಅವಳಿಗೆ ಕೇಳಿತ್ತು ಕಣೇ, ಮೊದಲ ಸಲವೇ ಕೇಳಿತ್ತು, ನನಗೆ ಗೊತ್ತು. ಮೂರನೇ ಸಲ ನಾನು ಕಿರುಚಿದೆ. ಶಾಲೆಯ ಮೈದಾನದಲ್ಲಿ ಕೂಗುತ್ತಿದ್ದೆನಲ್ಲ, ಆ ಗಂಟಲಲ್ಲಿ. ದೋಷ ನಮ್ಮ ಮನೆಯದು, ನಿಮ್ಮದಲ್ಲ, ನನ್ನ ತಾಯಿಗಿತ್ತು, ನನಗಿತ್ತು, ನನ್ನದು ಮೂವತ್ತೈದಕ್ಕೇ ನಿಂತಿತ್ತು, ನಾನು ಸುಳ್ಳು ಹೇಳಿದೆ ಅಂತ. ಅಷ್ಟು ಹೊತ್ತಿಗೆ ಅವಳು ಪೆಡಲಿನಿಂದ ಕಾಲು ತೆಗೆದಿದ್ದಳು. ಕೊನೆಯ ಮಾತು ಆಚೆ ಬೀದಿಗೂ ಕೇಳಿರಬೇಕು.

ನಿನ್ನ ಅಮ್ಮ ದಾರ ಕಡಿದು, ಬಟ್ಟೆ ಮಡಿಸಿ, "ಕೇಳಿಸ್ತು. ಮುಂದಿನವರು ಬನ್ನಿ" ಅಂದಳು. ನನ್ನ ಕಡೆ ಇನ್ನೊಂದು ಸಲ ನೋಡಲಿಲ್ಲ.

ಮುಗೀತು. ನಿನಗೆ ಹಾಲು ಕುಡಿದಷ್ಟು ಸಂತೋಷ ಆಗಿರಬೇಕು. ಆಗಲಿ. ಈಗ ನನ್ನ ಮಗಳು ಎಲ್ಲಿದ್ದಾಳೆ ಹೇಳು. ಯಾವ ಆಸ್ಪತ್ರೆ? ಯಾವತ್ತು? ಅವಳಿಗೆ ಚಿಕ್ಕಂದಿನಿಂದ ಸೂಜಿ ಅಂದರೆ ಭಯ. ಕಣ್ಣು ಮುಚ್ಚಿಕೊಂಡು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ನಾನು ಮಾತಾಡುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಅಷ್ಟಕ್ಕೆ ಬಿಡು.

ಅತ್ತೆ


೩ ಏಪ್ರಿಲ್

ಅತ್ತೆಯವರಿಗೆ,

ಅಮ್ಮ ಹೇಳಿದಳು, ನೀವು ಬಂದಿದ್ದಿರಿ, ಹೇಳಿದಿರಿ ಅಂತ. ಅವತ್ತು ರಾತ್ರಿ ಎರಡು ಸಲ ಬಡಿಸ್ಕೊಂಡು ಊಟ ಮಾಡಿದಳು. ಹೌದು, ನನಗೆ ಸಂತೋಷ ಆಯ್ತು. ಸುಳ್ಳು ಯಾಕೆ ಹೇಳಲಿ, ನೀವು ಕಿರುಚಿದ್ದು ಕೇಳೋಕೆ ನಾನು ಅಲ್ಲಿ ಇರಬೇಕಿತ್ತು ಅಂತ ಇನ್ನೂ ಹೊಟ್ಟೆ ಉರೀತಿದೆ.

ನಿಮ್ಮ ಪತ್ರ ಕೈಗೆ ಬರೋ ಹೊತ್ತಿಗೆ ಗುಬ್ಬಿಯದು ಆಗಿಹೋಗಿತ್ತು. ಡಾಕ್ಟರು ಅಂದ್ಕೊಂಡಿದ್ದಕ್ಕಿಂತ ಮುಂಚೆಯೇ ತಾರೀಕು ಇಟ್ರು, ತಡ ಮಾಡೋದು ಬೇಡ ಅಂತ. ಒಂಬತ್ತು ಮೊಟ್ಟೆ ಸಿಕ್ತು. ಮುಂದೆ ಯಾವತ್ತಾದ್ರೂ ಬೇಕು ಅನ್ನಿಸಿದ್ರೆ ಪರೀಕ್ಷೆ ಮಾಡಿ, ಊನ ಇಲ್ಲದ್ದನ್ನ ಆರಿಸಬಹುದಂತೆ. ಬೇಡ ಅನ್ನಿಸಿದ್ರೆ ಬೇಡ. ಅವಳ ಇಷ್ಟ. ನನಗೆ ಆ ಇಷ್ಟವೂ ಉಳಿದಿರಲಿಲ್ಲ, ನಿಮ್ಮಿಂದ. ಅದನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ. ಅಂಗಡೀಲಿ ನೀವು ಹೇಳಿದ್ದು ಅಮ್ಮನ ಪಾಲಿಂದು, ನನ್ನ ಪಾಲಿಂದು ತೀರೋದಿಲ್ಲ.

ಅವಳು ನಿಮ್ಮ ಮನೆಗೆ ಬರ್ತಾಳೋ ಇಲ್ವೋ ಅವಳನ್ನೇ ಕೇಳಿ. ನಾನು ಕಟ್ಟಿಹಾಕಿಲ್ಲ, ಕಳಿಸಿಕೊಡೋದೂ ಇಲ್ಲ.

ಒಂದು ವಿಷಯ ಬರೀಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ನಿಮಗೆ ಇದನ್ನ ಓದಿದ್ರೆ ಉರಿಯುತ್ತೆ, ಅದಕ್ಕೇ ಬರೀತೀನಿ. ಆಪರೇಷನ್ ಮುಗ್ಸಿ ಅವಳನ್ನ ಹೊರಗೆ ತಂದಾಗ ಮಂಪರು ಇಳಿದಿರಲಿಲ್ಲ. ಕಣ್ಣು ಮುಚ್ಚೇ ಇತ್ತು. ಕೈ ಚಾಚಿ ಹುಡುಕ್ತಾ, "ಅಮ್ಮಾ" ಅಂತ ಕರೆದಳು. ಎರಡು ಸಲ ಕರೆದಳು. ನನ್ನಮ್ಮ ಎದ್ದು ಹೋಗಿ ಅವಳ ಕೈಗೆ ತನ್ನ ಸೆರಗು ಕೊಟ್ಟು, "ಇಲ್ಲೇ ಇದ್ದೀನಿ ಮಗಳೇ" ಅಂದಳು. ಗುಬ್ಬಿ ಅದನ್ನ ಬಿಗಿಯಾಗಿ ಹಿಡ್ಕೊಂಡು ನಿದ್ದೆ ಹೋದಳು.

ನಿಮ್ಮ ಅಣ್ಣನ ಮಗಳು